ಕ್ರಾಪ್ ಮಾಡಿದಾಗ ಫೋಟೊದಲ್ಲಿ ನಿಜವಾಗಿ ಆಗುವುದೇನು?

ಪರೀಕ್ಷೆಗೆ ಅರ್ಜಿ ತುಂಬುವ ದಿನಗಳಲ್ಲಿ ವಿಜಯಪುರದ ಯಾವುದೇ ನೆಟ್ ಸೆಂಟರಿಗೆ ಹೋಗಿ ಹತ್ತು ನಿಮಿಷ ನಿಂತು ನೋಡಿ. "ಅಣ್ಣಾ, ಫೋಟೊ ಅಪ್‌ಲೋಡ್ ಆಗವಲ್ದು" ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಫೋಟೊ 3.5 × 4.5 ಸೆಂ.ಮೀ. ಇರಬೇಕು, ಫೈಲು 20ರಿಂದ 50 ಕೆಬಿ ಒಳಗಿರಬೇಕು ಅಂತ ಎಷ್ಟೋ ಅರ್ಜಿಗಳಲ್ಲಿ ಬರೆದಿರುತ್ತದೆ. ಹುಡುಗ ಫೋನಿನಲ್ಲಿ ಕ್ರಾಪ್ ಮಾಡುತ್ತಲೇ ಇರುತ್ತಾನೆ. ಭುಜ ಹೋಗುತ್ತದೆ, ಕಿವಿ ಹೋಗುತ್ತದೆ, ಕೊನೆಗೆ ಕಣ್ಣು ಮೂಗು ಅಷ್ಟೇ ಉಳಿಯುತ್ತವೆ. ಆದರೂ ಫೈಲು 50 ಕೆಬಿ ಒಳಗೆ ಬರುವುದಿಲ್ಲ.

ತಪ್ಪು ಹುಡುಗನದಲ್ಲ. ಅರ್ಜಿ ಕೇಳುತ್ತಿರುವುದು ಮೂರು ಬೇರೆ ಬೇರೆ ಕೆಲಸ. ಒಂದು, ಚಿತ್ರದ ಆಕಾರ ಸರಿ ಮಾಡುವುದು. ಎರಡು, ಅದರ ಅಳತೆ ಇಳಿಸುವುದು. ಮೂರು, ಫೈಲಿನ ತೂಕ ಇಳಿಸುವುದು. ಕ್ರಾಪ್ ಮಾಡುವುದು ಮೊದಲನೆಯ ಕೆಲಸವನ್ನು ಮಾತ್ರ. ಮೂರಕ್ಕೂ ನಾವು 'ಕ್ರಾಪ್' ಎಂಬ ಒಂದೇ ಹೆಸರು ಹಿಡಿದುಕೊಂಡು ಒದ್ದಾಡುತ್ತೇವೆ. ಈ ಮೂರನ್ನು ಬಿಡಿಸಿ ನೋಡಿದರೆ ಅರ್ಜಿಯ ಫೋಟೊ ಅಷ್ಟೇ ಅಲ್ಲ, ಮದುವೆ ಫೋಟೊ, ಸೀರೆ ಫೋಟೊ, ವಾಟ್ಸಾಪ್ ಸ್ಕ್ರೀನ್‌ಶಾಟ್ ಎಲ್ಲದರ ತೊಡಕೂ ಬಿಡುತ್ತದೆ.

ಮೊದಲು ಚಿತ್ರ ಅಂದರೆ ಏನು ಅಂತ ನೋಡೋಣ. ಕಂಪ್ಯೂಟರಿಗೆ ಫೋಟೊ ಅಂದರೆ ಬಣ್ಣದ ಚಿಕ್ಕ ಚಿಕ್ಕ ಚೌಕಗಳ ಸಾಲುಗಳು. ಒಂದೊಂದು ಚೌಕವೂ ಒಂದು ಪಿಕ್ಸೆಲ್. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊದಲ್ಲಿ ಅಡ್ಡಕ್ಕೆ ಸುಮಾರು 4000, ಎತ್ತರಕ್ಕೆ ಸುಮಾರು 3000 ಪಿಕ್ಸೆಲ್ ಇರುತ್ತವೆ. ಗುಣಿಸಿದರೆ 1 ಕೋಟಿ 20 ಲಕ್ಷ. ಕ್ರಾಪ್ ಅಂದರೆ ಇದರಲ್ಲಿ ನಮಗೆ ಬೇಕಾದ ಆಯತ ಉಳಿಸಿಕೊಂಡು ಮಿಕ್ಕ ಪಿಕ್ಸೆಲ್‌ಗಳನ್ನು ಬಿಟ್ಟುಬಿಡುವುದು. ಥಾನಿನಿಂದ ಖಣ ಕತ್ತರಿಸಿಕೊಂಡ ಹಾಗೆ. ಕತ್ತರಿಸಿದ ತುಂಡಿನಲ್ಲಿ ಎಳೆ ದಪ್ಪ ಆಗುವುದಿಲ್ಲ, ತೆಳುವೂ ಆಗುವುದಿಲ್ಲ. ಬಟ್ಟೆ ಮಾತ್ರ ಕಡಿಮೆ ಆಗುತ್ತದೆ.

ಇಲ್ಲಿ ಒಂದು ಲೆಕ್ಕ ಗಮನದಲ್ಲಿರಲಿ. ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಉಳಿಸಿಕೊಂಡರೆ ಚಿತ್ರ ಅರ್ಧ ಉಳಿಯಿತು ಅಂತ ಅನ್ನಿಸುತ್ತದೆ. ಆದರೆ 2000 × 1500 ಅಂದರೆ 30 ಲಕ್ಷ ಪಿಕ್ಸೆಲ್. ಉಳಿದದ್ದು ಕಾಲು ಭಾಗ! ಫೋನಿನಲ್ಲಿ ಎರಡು ಬೆರಳಿಟ್ಟು ಎಳೆದು ಜೂಮ್ ಮಾಡುತ್ತೇವಲ್ಲ, ಅದರಲ್ಲೂ ಹೆಚ್ಚಿನ ಸಲ ನಡೆಯುವುದು ಇದೇ. ಬೇರೆ ಲೆನ್ಸ್ ಇಲ್ಲದ ಫೋನು ಎರಡು ಪಟ್ಟು ಜೂಮ್ ಮಾಡಿತು ಅಂದರೆ, ನಡುವಿನ ಕಾಲು ಭಾಗವನ್ನು ಕತ್ತರಿಸಿ ಹಿಗ್ಗಿಸಿ ತೋರಿಸಿತು ಅಂತ ಅರ್ಥ. ಅದಕ್ಕೇ ದೂರದಿಂದ ಜೂಮ್ ಮಾಡಿ ತೆಗೆಯುವುದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ ತೆಗೆಯುವುದು ಸಾಮಾನ್ಯವಾಗಿ ಒಳ್ಳೆಯದು.

ಈಗ ಆಕಾರದ ವಿಷಯ. ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವನ್ನು ತಂತ್ರಾಂಶಗಳಲ್ಲಿ ಆಸ್ಪೆಕ್ಟ್ ರೇಶಿಯೊ ಅನ್ನುತ್ತಾರೆ. ಫೋನಿನ ಫೋಟೊ ಸಾಮಾನ್ಯವಾಗಿ 4:3. ಟಿವಿ, ಯೂಟ್ಯೂಬ್ ವಿಡಿಯೊ 16:9. ಅದನ್ನೇ ನಿಲ್ಲಿಸಿದರೆ ವಾಟ್ಸಾಪ್ ಸ್ಟೇಟಸ್‌ಗೆ ಹೊಂದುವ 9:16. ಡಿಪಿಗೆ ಚೌಕ ಬೇಕು, ಅಂದರೆ 1:1. ಆ ಚೌಕವನ್ನೂ ಆ್ಯಪ್ ಗುಂಡಗೆ ತೋರಿಸುತ್ತದೆ. ಹಾಗೆ ತೋರಿಸುವಾಗ ನಾಲ್ಕು ಮೂಲೆ ಸೇರಿ ಚೌಕದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮರೆಯಾಗುತ್ತದೆ. ಮೂಲೆಯಲ್ಲಿ ಅಂಗಡಿ ಹೆಸರು ಬರೆದುಕೊಂಡವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

3.5 × 4.5 ಸೆಂ.ಮೀ. ಅಂದರೆ ಅನುಪಾತ 7:9. ಇದೊಂದು ಗೊತ್ತಾದರೆ ಅರ್ಜಿಯ ಫೋಟೊ ಅರ್ಧ ಮುಗಿದ ಹಾಗೆ. ವಿಂಡೋಸ್‌ನಲ್ಲಿ ಬರುವ ಪೇಂಟ್ ಸಾಕು. 1985ರಲ್ಲಿ ಬಂದ ಮೊದಲ ವಿಂಡೋಸ್‌ನಿಂದಲೂ ಪೇಂಟ್ ಅದರ ಜೊತೆಗಿದೆ. ಕಲಿಯುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಫೋನಿನ ಆ್ಯಪ್‌ಗಳು ಕೆಲಸ ಬೇಗ ಮಾಡುತ್ತವೆ, ಆದರೆ ಎಷ್ಟೋ ಸಲ ಪಿಕ್ಸೆಲ್ ಲೆಕ್ಕ ತೋರಿಸುವುದಿಲ್ಲ. ಪೇಂಟ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಎಲ್ಲ ಅಂಕಿಗಳೂ ಕಣ್ಣೆದುರಿಗೇ ಇರುತ್ತವೆ. ಅಂಕಿ ನೋಡುತ್ತಾ ಕ್ರಾಪ್ ಮಾಡಿದವರಿಗೆ ಈ ವಿದ್ಯೆ ಮರೆಯುವುದಿಲ್ಲ.

ಮಾಡುವುದು ಹೀಗೆ. ಫೋಟೊವನ್ನು ಪೇಂಟ್‌ನಲ್ಲಿ ತೆರೆಯಿರಿ. 'ಸೆಲೆಕ್ಟ್' ಒತ್ತಿ. ತಲೆಯ ಮೇಲೆ ಸ್ವಲ್ಪ ಜಾಗ ಬಿಟ್ಟು, ಎಡ ಮೇಲಿನ ಮೂಲೆಯಿಂದ ಬಲ ಕೆಳಗಿನ ಮೂಲೆಯವರೆಗೆ ಮೌಸ್ ಎಳೆಯಿರಿ. ಎಳೆಯುವಾಗ ಕೆಳಗಿನ ಪಟ್ಟಿಯಲ್ಲಿ ಆಯ್ಕೆಯ ಅಳತೆ ಓಡುತ್ತಿರುತ್ತದೆ. ಅಲ್ಲಿ 1400 × 1800 ಬರುವ ಹಾಗೆ ನಿಲ್ಲಿಸಿದರೆ ಸರಿಯಾಗಿ 7:9 ಸಿಗುತ್ತದೆ. ಮುಖ ಅದಕ್ಕಿಂತ ಚಿಕ್ಕದಾಗಿ ಬಂದಿದ್ದರೆ 700 × 900 ಇಟ್ಟುಕೊಳ್ಳಿ. ಒಂದೆರಡು ಪಿಕ್ಸೆಲ್ ಆಚೆ ಈಚೆ ಆದರೆ ಏನೂ ಕೆಡುವುದಿಲ್ಲ. ಆಮೇಲೆ 'ಕ್ರಾಪ್' ಒತ್ತಿ, ಇಲ್ಲವೇ ಕಂಟ್ರೋಲ್, ಶಿಫ್ಟ್, ಎಕ್ಸ್ ಮೂರನ್ನೂ ಒಟ್ಟಿಗೆ ಒತ್ತಿ. ಸರಿ ಬರಲಿಲ್ಲವೇ? ಕಂಟ್ರೋಲ್, ಝಡ್ ಒತ್ತಿದರೆ ಹಳೆಯದು ವಾಪಸ್ ಬರುತ್ತದೆ.

ಕ್ರಾಪ್ ಕೆಲಸ ಇಲ್ಲಿಗೆ ಮುಗಿಯಿತು. ಈಗ ಎರಡನೆಯದು, ಅಳತೆ ಇಳಿಸುವುದು. ಇದಕ್ಕೆ 'ರೀಸೈಜ್' ಇದೆ. ಸೆಂಟಿಮೀಟರ್ ಎಂಬುದು ಕಾಗದದ ಅಳತೆ, ಪರದೆಯ ಮೇಲಿನ ಚಿತ್ರಕ್ಕೆ ಪಿಕ್ಸೆಲ್ ಲೆಕ್ಕ. ಎರಡಕ್ಕೂ ನಡುವಿನ ಕೊಂಡಿ ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬುದು. ಒಳ್ಳೆಯ ಪ್ರಿಂಟಿಗೆ 300 ಡಿಪಿಐ ಅನ್ನುವುದು ರೂಢಿ. ಆ ಲೆಕ್ಕದಲ್ಲಿ 3.5 ಸೆಂ.ಮೀ.ಗೆ 413 ಪಿಕ್ಸೆಲ್, 4.5 ಸೆಂ.ಮೀ.ಗೆ 531 ಪಿಕ್ಸೆಲ್. ರೀಸೈಜ್ ಪೆಟ್ಟಿಗೆಯಲ್ಲಿ 'ಪಿಕ್ಸೆಲ್ಸ್' ಆರಿಸಿ, ಅಗಲಕ್ಕೆ 413 ಅಂತ ಬರೆಯಿರಿ. ಅನುಪಾತ ಕಾಯ್ದುಕೊಳ್ಳುವ ಗುರುತು ಹಾಕಿದ್ದರೆ ಎತ್ತರ ತಾನಾಗಿಯೇ 531ರ ಹತ್ತಿರ ಬಂದು ನಿಲ್ಲುತ್ತದೆ. ಆ ಗುರುತು ತೆಗೆದು ಎರಡೂ ಅಂಕಿಯನ್ನು ಒತ್ತಾಯದಿಂದ ಕೂರಿಸಿದರೆ ಮುಖ ಉದ್ದುದ್ದ ಅಥವಾ ಅಡ್ಡಡ್ಡ ಆಗುತ್ತದೆ. ಗಲ್ಲ ಊದಿಕೊಂಡಂತೆ ಕಾಣುವ ಹಾಲ್ ಟಿಕೆಟ್ ಫೋಟೊಗಳನ್ನು ನೋಡಿದ್ದೀರಲ್ವಾ? ಅವು ಕ್ರಾಪ್ ಮಾಡದೆ ನೇರ ರೀಸೈಜ್ ಮಾಡಿದವು. ಅರ್ಜಿಯಲ್ಲಿ ಪಿಕ್ಸೆಲ್ ಅಳತೆಯನ್ನೇ ಬೇರೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಅವರ ಅಂಕಿಗಳ ಅನುಪಾತದಲ್ಲಿ ಮೊದಲು ಕ್ರಾಪ್, ಆಮೇಲೆ ರೀಸೈಜ್.

ಮೂರನೆಯದು ಕೆಬಿ, ಅಂದರೆ ಫೈಲಿನ ತೂಕ. ಸುಮಾರು ಸಾವಿರ ಬೈಟ್ ಸೇರಿದರೆ ಒಂದು ಕೆಬಿ. 413ನ್ನು 531ರಿಂದ ಗುಣಿಸಿದರೆ ಸುಮಾರು 2 ಲಕ್ಷ 19 ಸಾವಿರ ಪಿಕ್ಸೆಲ್. ಒಂದೊಂದಕ್ಕೆ ಮೂರು ಬೈಟ್ ಹಿಡಿದರೆ 640 ಕೆಬಿ ದಾಟಬೇಕಿತ್ತು. ಜೆಪೆಗ್ ಎಂಬ ವಿಧಾನ ಕಣ್ಣಿಗೆ ಗೊತ್ತಾಗದ ವಿವರಗಳನ್ನು ಬಿಟ್ಟು ಅದನ್ನು ಹತ್ತರಲ್ಲೊಂದು ಪಾಲಿಗೋ, ಇನ್ನೂ ಕಡಿಮೆಗೋ ತರುತ್ತದೆ. ಪೇಂಟ್‌ನಲ್ಲಿ 'ಸೇವ್ ಆ್ಯಸ್' ಒತ್ತಿ ಜೆಪೆಗ್ ಆರಿಸಿದರೆ ಬಹಳ ಸಲ ಕೆಲಸ ಆಗಿಹೋಗುತ್ತದೆ. ಇನ್ನೂ ಜಾಸ್ತಿ ಇದ್ದರೆ ವಿಂಡೋಸ್‌ನ 'ಫೋಟೋಸ್' ಆ್ಯಪ್‌ನಲ್ಲಿ ತೆರೆದು ಅಲ್ಲಿಯ ರೀಸೈಜ್‌ಗೆ ಹೋಗಿ. ಗುಣಮಟ್ಟ ಇಳಿಸುವ ಒಂದು ಜಾರುಪಟ್ಟಿ ಇರುತ್ತದೆ, ಪೇಂಟ್‌ನಲ್ಲಿ ಅದು ಇಲ್ಲ. ಕೆಬಿ ಇಳಿಸಲು ಕಿವಿ, ಗದ್ದ ಕತ್ತರಿಸುವ ಅವಶ್ಯಕತೆಯೇ ಇಲ್ಲ.

ಜೆಪೆಗ್ ಬಗ್ಗೆ ಇನ್ನೊಂದು ಮಾತು. ಅದು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ತುಂಡುಗಳಾಗಿ ಮಾಡಿಕೊಂಡು, ಒಂದೊಂದು ತುಂಡಿನಲ್ಲಿ ಏನು ಉಳಿಸಬೇಕು ಏನು ಬಿಡಬೇಕು ಅಂತ ಲೆಕ್ಕ ಹಾಕುತ್ತದೆ. ನೀವು ಕ್ರಾಪ್ ಮಾಡಿ ಸೇವ್ ಮಾಡಿದಾಗ ತುಂಡುಗಳ ಗಡಿ ಸರಿಯುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ ನಡೆಯುತ್ತದೆ, ಇನ್ನಷ್ಟು ವಿವರ ಹೋಗುತ್ತದೆ. ಒಂದು ಸಲಕ್ಕೆ ಗೊತ್ತಾಗುವುದಿಲ್ಲ. ಕ್ರಾಪ್ ಮಾಡಿದ್ದನ್ನೇ ಮತ್ತೆ ಕ್ರಾಪ್ ಮಾಡಿ, ವಾಟ್ಸಾಪ್‌ನಲ್ಲಿ ಬಂದದ್ದನ್ನೇ ಮತ್ತೆ ಕಳಿಸಿ ಮಾಡುತ್ತಾ ಹೋದರೆ ಅಂಚುಗಳಲ್ಲಿ ಚೌಕ ಚೌಕ ಕಲೆ ಏಳುತ್ತವೆ. ಅದಕ್ಕೇ ಪ್ರತಿ ಸಲವೂ ಮೂಲ ಫೋಟೊದಿಂದಲೇ ಶುರು ಮಾಡಬೇಕು, ಬೇರೆ ಹೆಸರಿನಲ್ಲಿ ಸೇವ್ ಮಾಡಬೇಕು. ಯಾರಿಂದಲಾದರೂ ಫೋಟೊ ತರಿಸಿಕೊಳ್ಳುವಾಗ 'ಡಾಕ್ಯುಮೆಂಟ್ ಮಾಡಿ ಕಳಿಸ್ರಿ' ಅಂತ ಹೇಳಿ. ಹಾಗೆ ಕಳಿಸಿದರೆ ಮೂಲ ಫೈಲೇ ಬರುತ್ತದೆ.

ಪ್ರಿಂಟ್ ಹಾಕಿಸುವವರಿಗೆ ಎದುರಾಗುವ ತೊಂದರೆ ಬೇರೆ. ನಮ್ಮ ಕಡೆ ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಹಾಕುವುದು 4 × 6 ಇಂಚಿನ ಪ್ರಿಂಟು. ಅದರ ಅನುಪಾತ 3:2. ಫೋನಿನ ಫೋಟೊ 4:3. ಎರಡೂ ಹೊಂದುವುದಿಲ್ಲ. 4000 × 3000 ಫೋಟೊವನ್ನು ಆ ಕಾಗದಕ್ಕೆ ಪೂರ್ತಿ ತುಂಬಿಸಬೇಕು ಅಂದರೆ ಎತ್ತರದಲ್ಲಿ ಸುಮಾರು 333 ಸಾಲು ಪಿಕ್ಸೆಲ್ ಕತ್ತರಿಸಲೇಬೇಕು. ಒಂಬತ್ತರಲ್ಲಿ ಒಂದು ಪಾಲು! ಯಂತ್ರಕ್ಕೆ ಬಿಟ್ಟರೆ ಅದು ಮೇಲೆ ಅರ್ಧ, ಕೆಳಗೆ ಅರ್ಧ ಕತ್ತರಿಸುತ್ತದೆ. ಹಿಂದಿನ ಸಾಲಿನಲ್ಲಿ ನಿಂತ ಕಾಕಾನ ಪಟಗಾದ ತುದಿ ಹೋಗುವುದು, ಮುಂದೆ ಕೂತ ಮಕ್ಕಳ ಪಾದ ಹೋಗುವುದು ಹೀಗೆ. ನೀವೇ ಮನೆಯಲ್ಲಿ 3:2ಕ್ಕೆ ಕ್ರಾಪ್ ಮಾಡಿಕೊಂಡು ಹೋದರೆ, ಹೋಗಬೇಕಾದದ್ದು ಶಾಮಿಯಾನದ ಮೇಲ್ಭಾಗವೋ ಕೆಳಗಿನ ಜಮಖಾನವೋ ಅಂತ ನಿಮ್ಮ ಕೈಯಲ್ಲೇ ಇರುತ್ತದೆ. ಇನ್ನೂ ಒಳ್ಳೆಯದು, ಗ್ರೂಪ್ ಫೋಟೊ ತೆಗೆಯುವಾಗಲೇ ನಾಲ್ಕೂ ಕಡೆ ಸ್ವಲ್ಪ ಖಾಲಿ ಜಾಗ ಬಿಟ್ಟು ತೆಗೆಯುವುದು. ಇದ್ದದ್ದನ್ನು ಕತ್ತರಿಸಬಹುದು, ಇಲ್ಲದ್ದನ್ನು ಕ್ರಾಪ್ ತಂದುಕೊಡುವುದಿಲ್ಲ.

ಇದೇ ಕಾರಣಕ್ಕೆ ಮನಸ್ಸಿಗೆ ನೋವಾಗುವ ಒಂದು ಸಂದರ್ಭ ಇದೆ. ಮನೆಯಲ್ಲಿ ಅಜ್ಜಿ ತೀರಿಕೊಂಡಿರುತ್ತಾಳೆ, ಒಬ್ಬಳದೇ ಫೋಟೊ ಇರುವುದಿಲ್ಲ. ಯಾವುದೋ ಲಗ್ನದ ಗ್ರೂಪ್ ಫೋಟೊದಲ್ಲಿ ಮೂಲೆಗೆ ನಿಂತಿರುತ್ತಾಳೆ. ಅದರಿಂದ ಮುಖ ತೆಗೆದು, ದೊಡ್ಡದು ಮಾಡಿ, ಕಟ್ಟು ಹಾಕಿಸಬೇಕು ಅಂತ ಮನೆಯವರ ಆಸೆ. ಒಂದು ಸಾಲಿನಲ್ಲಿ ಹತ್ತು ಜನ ನಿಂತ 4000 ಪಿಕ್ಸೆಲ್ ಅಗಲದ ಫೋಟೊದಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು 400 ಪಿಕ್ಸೆಲ್. ಮುಖಕ್ಕೆ ಅದರ ಅರ್ಧವೂ ಸಿಗುವುದಿಲ್ಲ. 8 × 12 ಇಂಚಿನ ಪ್ರಿಂಟಿಗೆ 300 ಡಿಪಿಐ ಲೆಕ್ಕದಲ್ಲಿ 2400 × 3600 ಪಿಕ್ಸೆಲ್ ಬೇಕು. ನೂರೈವತ್ತು ಪಿಕ್ಸೆಲ್ ಅಗಲದ ಮುಖವನ್ನು ಅಷ್ಟಕ್ಕೆ ಹಿಗ್ಗಿಸಿದರೆ ಕಣ್ಣು ಕಣ್ಣಾಗಿ ಉಳಿಯುವುದಿಲ್ಲ.

ಈಗ ಎಐ ಆ್ಯಪ್‌ಗಳು ಇದನ್ನು ಚೊಕ್ಕ ಮಾಡಿ ಕೊಡುತ್ತವೆ. ಆದರೆ ಅವು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಸುಕ್ಕು ಮಾಯ, ಹಲ್ಲು ಬೇರೆ, ನೋಟ ಬೇರೆ. ನೋಡಲು ಚೆಂದ ಕಂಡರೂ ಅದು ಯಾರೋ ಬೇರೆಯವರ ಮುಖ. ನನಗೆ ಕೇಳಿದರೆ ಪ್ರಿಂಟನ್ನೇ ಚಿಕ್ಕದು ಮಾಡಿಸಿ ಅನ್ನುತ್ತೇನೆ. ಅಂಗೈಯಷ್ಟು ಅಗಲದ ಫೋಟೊ ಆದರೂ ಸರಿ, ಅದರಲ್ಲಿ ಇರುವುದು ನಿಮ್ಮ ಅಜ್ಜಿಯ ಮುಖವೇ. ಮೂಲ ಫೋಟೊ ಹಳೆಯ ಕಾಲದ ಕಾಗದದ್ದಾಗಿದ್ದರೆ ಇನ್ನೊಂದು ದಾರಿ ಇದೆ. ಫೋನಿನಿಂದ ಅದರ ಫೋಟೊ ಹೊಡೆಯುವ ಬದಲು ಸ್ಕ್ಯಾನರಿನಲ್ಲಿ 600 ಡಿಪಿಐಗೆ ಇಟ್ಟು ಸ್ಕ್ಯಾನ್ ಮಾಡಿಸಿ. 4 × 6 ಇಂಚಿನ ಫೋಟೊದಿಂದ 2400 × 3600 ಪಿಕ್ಸೆಲ್ ಬರುತ್ತವೆ. 1200ಕ್ಕೆ ಇಟ್ಟರೆ ಇನ್ನೂ ಜಾಸ್ತಿ, ಕಾಗದದಲ್ಲೇ ಅಷ್ಟು ವಿವರ ಉಳಿದಿದ್ದರೆ. ಆಮೇಲೆ ಮುಖ ಕ್ರಾಪ್ ಮಾಡಿದರೆ ಕೈಗೆ ಏನಾದರೂ ಉಳಿಯುತ್ತದೆ.

ಓರೆ ಬಂದ ಫೋಟೊ ನೆಟ್ಟಗೆ ಮಾಡುವಾಗಲೂ ಕ್ರಾಪ್ ಸದ್ದಿಲ್ಲದೆ ನಡೆಯುತ್ತದೆ. ಗೋಳಗುಮ್ಮಟದ ಮುಂದಿನ ಹುಲ್ಲುಹಾಸಿನಿಂದ ತೆಗೆದ ಫೋಟೊ ಸ್ವಲ್ಪ ಎಡಕ್ಕೆ ವಾಲಿದೆ ಅಂದುಕೊಳ್ಳಿ. ಫೋಟೋಸ್ ಆ್ಯಪ್‌ನಲ್ಲಿ ನೆಟ್ಟಗೆ ಮಾಡುವ ಪಟ್ಟಿಯನ್ನು 3 ಡಿಗ್ರಿ ಸರಿಸುತ್ತೀರಿ. ಚಿತ್ರ ತಿರುಗಿದ ಕೂಡಲೇ ನಾಲ್ಕು ಮೂಲೆಯಲ್ಲೂ ಖಾಲಿ ತ್ರಿಕೋನ ಬೀಳುತ್ತವೆ. ಅವನ್ನು ಮುಚ್ಚಲು ಆ್ಯಪ್ ತಾನೇ ಒಳಗೆ ಸರಿದು ಕತ್ತರಿಸುತ್ತದೆ. 4000 × 3000 ಇದ್ದದ್ದು ಸುಮಾರು 3740 × 2800 ಆಗುತ್ತದೆ, ಅಂದರೆ ಎಂಟರಲ್ಲಿ ಒಂದು ಪಾಲು ಹೋಯಿತು. ಗುಮ್ಮಟದ ನಾಲ್ಕು ಮೂಲೆಯಲ್ಲಿ ಏಳೇಳು ಅಂತಸ್ತಿನ ಮಿನಾರುಗಳಿವೆ. ಚೌಕಟ್ಟಿಗೆ ತಾಗಿಸಿ ತೆಗೆದಿದ್ದರೆ ಅವೇ ಮೊದಲು ಬಲಿಯಾಗುತ್ತವೆ. ಸುಮಾರು 44 ಮೀಟರ್ ವ್ಯಾಸದ ಗುಮ್ಮಟವನ್ನು ಹತ್ತಿರ ನಿಂತು, ಫೋನು ಮೇಲೆತ್ತಿ ತೆಗೆದರೆ ಮಿನಾರುಗಳು ಒಳಕ್ಕೆ ಬಾಗಿದಂತೆ ಕಾಣುತ್ತವೆ. ಅದನ್ನು ಕ್ರಾಪ್ ಸರಿ ಮಾಡುವುದಿಲ್ಲ, ಪರ್ಸ್‌ಪೆಕ್ಟಿವ್ ಎಂಬ ಬೇರೆ ಸಾಧನ ಬೇಕು. ಅದೂ ಅಂಚುಗಳನ್ನು ತಿನ್ನುತ್ತದೆ. ಹಿಂದೆ ಸರಿದು, ಫೋನು ನೆಟ್ಟಗೆ ಹಿಡಿದು ತೆಗೆದ ಫೋಟೊವನ್ನು ಆಮೇಲೆ ಕ್ರಾಪ್ ಮಾಡಿದರೆ ಈ ಗೋಜೇ ಇಲ್ಲ.

ಏನು ಕತ್ತರಿಸಬೇಕು, ಏನು ಬಿಡಬೇಕು ಎಂಬುದನ್ನು ತಂತ್ರಾಂಶ ಹೇಳುವುದಿಲ್ಲ. ಅದು ಚಿತ್ರದಲ್ಲಿರುವ ವಿಷಯ ಬಲ್ಲವರ ಕೆಲಸ. ಬಾದಾಮಿಯ ಒಂದನೇ ಗುಹೆಯ ನಟರಾಜನನ್ನೇ ತೆಗೆದುಕೊಳ್ಳಿ. ಆ ಶಿಲ್ಪದ ಹೆಚ್ಚುಗಾರಿಕೆ ಇರುವುದೇ ಹದಿನೆಂಟು ಕೈಗಳಲ್ಲಿ. ಮುಖ ಚೆನ್ನಾಗಿ ಕಾಣಲಿ ಅಂತ ಬಿಗಿಯಾಗಿ ಕ್ರಾಪ್ ಮಾಡಿದರೆ ಆಚೆ ಈಚೆಯ ಕೈಗಳು ಹೋಗಿ ಅದು ಎಲ್ಲಿಯದೋ ಒಂದು ಮೂರ್ತಿ ಆಗಿಬಿಡುತ್ತದೆ. ಗೋಕಾಕ ಜಲಪಾತದ ಫೋಟೊದಲ್ಲಿ ದಂಡೆಯ ಮೇಲೆ ನಿಂತ ಜನ ಅಡ್ಡ ಬಂದರು ಅಂತ ಅವರನ್ನು ಕತ್ತರಿಸುತ್ತೇವೆ. ಅವರು ಹೋದ ಮೇಲೆ ಆ ನೀರು ಸುಮಾರು 52 ಮೀಟರ್ ಎತ್ತರದಿಂದ ಬೀಳುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬ ಮನುಷ್ಯನಾದರೂ ಚಿತ್ರದಲ್ಲಿ ಉಳಿಯಲಿ. ಜನರ ಫೋಟೊ ಆದರೆ ಮೊಣಕಾಲು, ಮೊಣಕೈ, ಮಣಿಕಟ್ಟಿನ ಸಂದಿಗೆ ಸರಿಯಾಗಿ ಕತ್ತರಿಸಬೇಡಿ, ಕೈಕಾಲು ಮುರಿದಂತೆ ಕಾಣುತ್ತದೆ. ತೊಡೆಯ ನಡುವೆಯೋ ಎದೆಯ ಹತ್ತಿರವೋ ನಿಲ್ಲಿಸಿ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಸೀರೆಯ ಫೋಟೊ. ಇಳಕಲ್, ಗುಳೇದಗುಡ್ಡದ ಕಡೆ ಈಗ ವಾಟ್ಸಾಪ್ ಫೋಟೊ ನೋಡಿಯೇ ಗಿರಾಕಿಗಳು ಮಾಲು ತರಿಸಿಕೊಳ್ಳುತ್ತಾರೆ. ಇಳಕಲ್ ಸೀರೆಯ ಗುರುತು ಇರುವುದು ಮೂರು ಕಡೆ: ದಡಿ, ಕೆಂಪು ರೇಷ್ಮೆಯ ಮೇಲೆ ಬಿಳಿ ಚಿತ್ತಾರದ ತೋಪುತೆನೆ ಸೆರಗು, ಮತ್ತು ಒಡಲಿನ ಹಾಸನ್ನೂ (ಉದ್ದದ ಎಳೆಗಳನ್ನೂ) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿದ ಜಾಗ. ಆ ಕೊಂಡಿಯೇ ಈ ನೇಯ್ಗೆಯ ವಿಶೇಷ. ಫೋಟೊ ತೆಗೆದವರು ಡಿಪಿಗೆ ಹೊಂದಲಿ ಅಂತ ಚೌಕ ಕ್ರಾಪ್ ಮಾಡಿಬಿಟ್ಟರೆ ಒಡಲಿನ ಬಣ್ಣ ಒಂದೇ ಉಳಿಯುತ್ತದೆ. ಆಗ ಅದಕ್ಕೂ ಮಗ್ಗದ ಹೆಸರಿನಲ್ಲಿ ಮಾರುವ ಯಂತ್ರದ ಸೀರೆಗೂ ಏನು ವ್ಯತ್ಯಾಸ ಅಂತ ಗಿರಾಕಿಗೆ ಹೇಗೆ ತಿಳಿಯಬೇಕು?

ಹಾಗಾಗಿ ಒಂದೇ ಸೀರೆಗೆ ಎರಡು ಕ್ರಾಪ್ ಇರಲಿ. ಮಡಿಸಿದ ಸೀರೆಯನ್ನು ಸೆರಗು ಮೇಲೆ ಬರುವ ಹಾಗೆ ಇಟ್ಟು, ಹಗಲ ಬೆಳಕಿನಲ್ಲಿ ಒಂದೇ ಫೋಟೊ ತೆಗೆಯಿರಿ. ಅದರಿಂದ ಮೊದಲ ಕ್ರಾಪ್‌ನಲ್ಲಿ ಸೆರಗು, ದಡಿ, ಒಡಲು ಮೂರೂ ಕಾಣಬೇಕು. 3:4 ಆದರೆ ಫೋನಿನ ಪರದೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಎರಡನೆಯದು ಕೊಂಡಿ ಇರುವ ಜಾಗದ್ದು, ಚೌಕ, ಬಿಗಿಯಾಗಿ. 4000 ಪಿಕ್ಸೆಲ್ ಫೋಟೊದಿಂದ 1200 × 1200 ಕತ್ತರಿಸಿದರೂ ಫೋನಿನ ಪರದೆಗೆ ಅದು ಧಾರಾಳವಾಯಿತು, ಎಳೆ ಎಳೆ ಕಾಣುತ್ತದೆ. ಎಲ್ಲ ಸೀರೆಗಳಿಗೂ ಒಂದೇ ಅನುಪಾತ ಹಿಡಿಯಿರಿ, ಕ್ಯಾಟಲಾಗ್ ತೆರೆದಾಗ ಸಾಲು ನೆಟ್ಟಗಿರುತ್ತದೆ. ಪೇಂಟ್‌ನಲ್ಲಿ ಕ್ರಾಪ್ ಮಾಡುವಾಗ ಅನುಪಾತ ಕಟ್ಟಿಹಾಕಲು ಬರುವುದಿಲ್ಲ. ದಿನಾ ಹತ್ತಾರು ಫೋಟೊ ಮಾಡುವವರು ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶ ಹಾಕಿಕೊಳ್ಳಲಿ. ಅದು ಉಚಿತ. ಶಿಫ್ಟ್, ಸಿ ಒತ್ತಿದರೆ ಕ್ರಾಪ್ ಸಾಧನ ಬರುತ್ತದೆ, 3:4 ಅಂತ ಬರೆದು ಗುರುತು ಹಾಕಿದರೆ ಎಷ್ಟು ಎಳೆದರೂ ಅನುಪಾತ ಬದಲಾಗುವುದಿಲ್ಲ.

ಕೊನೆಗೆ ಎಲ್ಲರೂ ತಿಳಿದಿರಬೇಕಾದ ಒಂದು ವಿಷಯ. ಕತ್ತರಿಸಿದ ಭಾಗ ನಿಜವಾಗಿಯೂ ಹೋಯಿತೇ? ಬ್ಯಾಂಕ್ ಪಾಸ್‌ಬುಕ್, ಆಧಾರ್, ಹಣ ಕಳಿಸಿದ ಸ್ಕ್ರೀನ್‌ಶಾಟ್ ಇವನ್ನೆಲ್ಲ ನಂಬರ್ ಕಾಣದ ಹಾಗೆ ಕ್ರಾಪ್ ಮಾಡಿ ಕಳಿಸುತ್ತೇವೆ. 2023ರ ಮಾರ್ಚ್‌ನಲ್ಲಿ ಒಂದು ದೊಡ್ಡ ಲೋಪ ಹೊರಬಿತ್ತು. ಗೂಗಲ್ ಪಿಕ್ಸೆಲ್ ಫೋನುಗಳ 'ಮಾರ್ಕಪ್' ಸಾಧನದಲ್ಲಿ ಸ್ಕ್ರೀನ್‌ಶಾಟ್ ಕ್ರಾಪ್ ಮಾಡಿದಾಗ, ಹೊಸ ಚಿಕ್ಕ ಫೈಲನ್ನು ಹಳೆಯ ದೊಡ್ಡ ಫೈಲಿನ ಮೇಲೆಯೇ ಬರೆಯುತ್ತಿತ್ತು. ಆದರೆ ಉಳಿದ ಬಾಲವನ್ನು ಅಳಿಸುತ್ತಿರಲಿಲ್ಲ. ನೋಡುವವರಿಗೆ ಕ್ರಾಪ್ ಆದ ಚಿತ್ರವೇ ಕಾಣುತ್ತಿತ್ತು, ಬಲ್ಲವರು ಮಾತ್ರ ಬಾಲದಿಂದ ಕತ್ತರಿಸಿದ ಭಾಗವನ್ನು ಬಹಳಷ್ಟು ಮರಳಿ ಪಡೆಯಬಹುದಿತ್ತು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅದೇ ಬಗೆಯ ಲೋಪ ಸಿಕ್ಕಿತು. ಎರಡನ್ನೂ ಸರಿಪಡಿಸಿದ್ದಾರೆ. ಆದರೆ ಅದಕ್ಕೆ ಮೊದಲು ಕಳಿಸಿದ ಚಿತ್ರಗಳು ತಾವಾಗಿಯೇ ಸರಿಯಾಗುವುದಿಲ್ಲ.

ಲೋಪ ಏನೂ ಇಲ್ಲದೆಯೇ ಕತ್ತರಿಸಿದ ಭಾಗವನ್ನು ಒಳಗೆ ಇಟ್ಟುಕೊಳ್ಳುವ ತಂತ್ರಾಂಶಗಳೂ ಇವೆ. ವರ್ಡ್, ಪವರ್‌ಪಾಯಿಂಟ್‌ನಲ್ಲಿ ಕ್ರಾಪ್ ಮಾಡಿದರೆ ಕತ್ತರಿಸಿದ ಭಾಗ ಮರೆಯಾಗುತ್ತದೆ ಅಷ್ಟೇ, ಅಳಿಯುವುದಿಲ್ಲ. ಬೇಕಾದಾಗ ತಿದ್ದಲು ಅನುಕೂಲವಾಗಲಿ ಅಂತ ಹಾಗೆ ಮಾಡಿದ್ದಾರೆ. ಪಿಡಿಎಫ್ ಪುಟವನ್ನು ಕ್ರಾಪ್ ಮಾಡಿದಾಗಲೂ ಸಾಮಾನ್ಯವಾಗಿ ಹೀಗೆಯೇ. ಗಿಂಪ್‌ನಲ್ಲಿ ಕತ್ತರಿಸಿದ ಪಿಕ್ಸೆಲ್ ಅಳಿಸುವ ಗುರುತು ಹಾಕದಿದ್ದರೆ ಅದರದೇ ಫೈಲಿನಲ್ಲಿ ಅವು ಉಳಿದಿರುತ್ತವೆ, ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಉಳಿಯುವುದಿಲ್ಲ. ವರ್ಡ್ ಫೈಲಿನಲ್ಲಿ ಪಾಸ್‌ಬುಕ್ ಚಿತ್ರ ಅಂಟಿಸಿ ಅಲ್ಲೇ ಕ್ರಾಪ್ ಮಾಡಿ ಕಳಿಸಿದ್ದೀರಾ? ಆ ಚಿತ್ರದ ಮೇಲೆ ಕ್ಲಿಕ್ ಮಾಡಿ 'ಕ್ರಾಪ್' ಒತ್ತಿ ನೋಡಿ. ಸುತ್ತ ಮಸುಕಾಗಿ ಉಳಿದ ಭಾಗ ಕಂಡರೆ, ಫೈಲು ಪಡೆದವರಿಗೂ ಅದು ಕಾಣುತ್ತದೆ ಅಂತಲೇ ಅರ್ಥ. 'ಕಂಪ್ರೆಸ್ ಪಿಕ್ಚರ್ಸ್' ಒಳಗೆ ಕ್ರಾಪ್ ಆದ ಭಾಗ ಅಳಿಸುವ ಆಯ್ಕೆ ಇದೆ, ಅದಕ್ಕೆ ಗುರುತು ಹಾಕಿ ಸೇವ್ ಮಾಡಬೇಕು. ಅದಕ್ಕಿಂತ ಸುಲಭ, ಚಿತ್ರವನ್ನು ಮೊದಲೇ ಪೇಂಟ್‌ನಲ್ಲಿ ಕ್ರಾಪ್ ಮಾಡಿ, ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಆ ಹೊಸ ಫೈಲನ್ನೇ ವರ್ಡ್‌ಗೆ ಸೇರಿಸುವುದು.